ಕೆಲಸ ಬಿಡುವ ಮುನ್ನ, ಮಗಳೇ

ಮಗಳೇ, ಇದನ್ನು ನೀನೇ ಕೂತು ಓದಬೇಕೆಂದಿಲ್ಲ. ಸಾಲುಗಟ್ಟಿದ ಅಕ್ಷರ ಕಂಡರೆ ನಿನಗೆ ದಿಗಿಲು ಎಂದು ನನಗೆ ಗೊತ್ತು. ನಿನ್ನ ಲೈನಿನಲ್ಲಿರುವ ಗೆಳತಿಯ ಕೈಲಿ ಓದಿಸಿಕೊಂಡು ಕೇಳು. ಒಂದೇ ಸಲಕ್ಕೆ ತಲೆಗೆ ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ ನಾಳೆ ಮತ್ತೆ ಕೇಳು. ನಿನಗೆ ಮನೆಯಲ್ಲೇ ಹೇಳಬಹುದಾಗಿದ್ದ ಮಾತನ್ನು ಪತ್ರಿಕೆಗೆ ಯಾಕೆ ಬರೆದೆನೆಂದರೆ, ನಿನ್ನಂಥ ಹೆಣ್ಣುಮಕ್ಕಳು ಊರೂರಲ್ಲಿದ್ದಾರೆ, ಗಂಡುಮಕ್ಕಳೂ ಇದ್ದಾರೆ. ಅವರ ಕಿವಿಗೂ ಬೀಳಲಿ.

ನಿಮ್ಮವ್ವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ಎತ್ತಿ ಕೂರಿಸಲು, ಊಟ ಮಾಡಿಸಲು, ಬಚ್ಚಲಿಗೆ ಕರೆದೊಯ್ಯಲು ದಿನವಿಡೀ ಒಬ್ಬರು ಬೇಕು. ಮನೆಯಲ್ಲಿ ಮಾತಾಗಿ, ನೀನು ಗಾರ್ಮೆಂಟ್ಸ್ ಬಿಡುವುದೆಂದು ತೀರ್ಮಾನವಾಗಿದೆ. ಅವ್ವನನ್ನು ನೋಡಿಕೊಳ್ಳಬೇಕೆನ್ನುವ ನಿನ್ನ ಮನಸ್ಸು ದೊಡ್ಡದು, ಅದಕ್ಕೆ ನಾನು ಅಡ್ಡ ಬರುವವಳಲ್ಲ. ಆದರೆ ತೀರ್ಮಾನ ಆದ ರೀತಿ ನನಗೆ ಸರಿಕಾಣಲಿಲ್ಲ. ಅಣ್ಣನದು ಬೆಂಗಳೂರಿನಲ್ಲಿ ದೊಡ್ಡ ಸಂಬಳ, ಬಿಡುವ ಹಾಗಿಲ್ಲ. ಅಕ್ಕನಿಗೆ ಗಂಡ ಮಕ್ಕಳಿದ್ದಾರೆ, ಬರುವ ಹಾಗಿಲ್ಲ. ಉಳಿದವಳು ನೀನು. ಓದು ಹತ್ತಲಿಲ್ಲ, ಮದುವೆಯಾಗಲಿಲ್ಲ, ಸಂಬಳ ಅಷ್ಟಕ್ಕಷ್ಟೇ. ಹಾಗಾಗಿ ನಿನ್ನ ಕೆಲಸ ಹೋದರೆ ಯಾರಿಗೂ ನಷ್ಟವಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಿನ್ನನ್ನೂ ಹಾಗೇ ನಂಬಿಸಿದ್ದಾರೆ.

ನಾನು ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಹಾಜರಿ, ಪಿ.ಎಫ್., ಇ.ಎಸ್.ಐ. ನೋಡಿಕೊಳ್ಳುತ್ತಿದ್ದವಳು. ನಿಧಾನದವಳು ಎಂದು ಮನೆಯಲ್ಲಿ ಹೆಸರಿಟ್ಟ ಮಗಳೇ ಮನೆಯವರ ಆರೈಕೆಗೆಂದು ಕೆಲಸ ಬಿಟ್ಟು ಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆಮೇಲೆ ಹಿರಿಯರು ತೀರಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಅವಳ ಪಿ.ಎಫ್. ಹಣ ಯಾರದೋ ಸಾಲಕ್ಕೆ ಹೋಗಿರುತ್ತದೆ, ಮನೆ ಅಣ್ಣತಮ್ಮಂದಿರ ಹೆಸರಿನಲ್ಲಿರುತ್ತದೆ, ಕೆಲಸಕ್ಕೆ ಮತ್ತೆ ಸೇರುವ ವಯಸ್ಸು ದಾಟಿರುತ್ತದೆ. ನಿನಗೆ ಹಾಗಾಗಬಾರದು.

ಮೊದಲು ನಿನ್ನ ಸಂಬಳದ ಲೆಕ್ಕ ಹೇಳುತ್ತೇನೆ. ಮನೆಯಲ್ಲಿ ಅದು ಹದಿಮೂರು ಸಾವಿರ ಎಂದು ಎಲ್ಲರೂ ಹೇಳುತ್ತಾರೆ. ಅದು ನಿನ್ನ ಬೇಸಿಕ್ ಮತ್ತು ಡಿ.ಎ. ಮಾತ್ರ. ಕಂಪನಿ ಅದರ ಮೇಲೆ ಶೇ 12ರಷ್ಟನ್ನು, ಅಂದರೆ ತಿಂಗಳಿಗೆ 1,560 ರೂಪಾಯಿಯನ್ನು, ನಿನ್ನ ಹೆಸರಿಗೆ ಕಟ್ಟುತ್ತದೆ. ಅದರಲ್ಲಿ ಹೆಚ್ಚಿನ ಭಾಗ ಪಿಂಚಣಿ ಖಾತೆಗೆ, ಉಳಿದದ್ದು ಪಿ.ಎಫ್. ಖಾತೆಗೆ ಹೋಗುತ್ತದೆ. ಒಂದು ವರ್ಷ ದುಡಿದರೆ ನಿನ್ನ ಗ್ರಾಚ್ಯುಟಿ 7,500 ರೂಪಾಯಿ ಬೆಳೆಯುತ್ತದೆ. ತಿಂಗಳಿಗೆ ಹಂಚಿದರೆ 625. ಇವೆರಡನ್ನು ಸೇರಿಸಿದರೇ ನಿನ್ನ ದುಡಿಮೆ ತಿಂಗಳಿಗೆ 15,185 ರೂಪಾಯಿ. ದೀಪಾವಳಿ ಹೊತ್ತಿಗೆ ಕೈಗೆ ಬರುವ ಬೋನಸ್ ಬೇರೆ. ಇ.ಎಸ್.ಐ. ಬೇರೆ. ಅಣ್ಣ ಅಕ್ಕ ಕೂತು ಮಾತಾಡುವಾಗ ಈ ಅಂಕಿಯಿಂದ ಮಾತು ಶುರುವಾಗಬೇಕು. ನೀನು ಬಿಡುತ್ತಿರುವುದು ಇಷ್ಟನ್ನು.

ಇನ್ನು ಇ.ಎಸ್.ಐ. ವಿಷಯ. ನಿನ್ನ ಸಂಬಳದಿಂದ ಹಿಡಿಯುವುದು ಶೇ 0.75, ನೂರು ರೂಪಾಯಿಯೊಳಗೆ. ಕಂಪನಿ ಶೇ 3.25 ಕಟ್ಟುತ್ತದೆ. ಅಷ್ಟಕ್ಕೆ ನಿನಗೆ ಮಾತ್ರವಲ್ಲ, ನಿನ್ನನ್ನೇ ನೆಚ್ಚಿರುವ ತಾಯಿಗೂ ಚಿಕಿತ್ಸೆ ಸಿಗುತ್ತದೆ. ಅವರ ಸ್ವಂತ ವರಮಾನ ತಿಂಗಳಿಗೆ 9,000 ಮೀರಬಾರದು, ಅಷ್ಟೇ. ಅಂದರೆ ಈಗ ಅವ್ವನ ಆಸ್ಪತ್ರೆ ಖರ್ಚು ನಡೆಯುತ್ತಿರುವುದೇ ನಿನ್ನ ಕೆಲಸದಿಂದ. ಕೆಲಸ ಬಿಟ್ಟ ದಿನವೇ ಅದು ನಿಂತುಹೋಗುತ್ತದೆಂದು ಹೆದರಬೇಡ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಹಣಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಅರ್ಧ ವರ್ಷ ಪೂರ್ತಿ ದುಡಿದು ಸೆಪ್ಟೆಂಬರ್ ಕೊನೆಗೆ ಬಿಟ್ಟರೆ ಮುಂದಿನ ಜೂನ್‌ವರೆಗೆ ಕಾರ್ಡು ನಡೆಯುತ್ತದೆ. ಲಕ್ವ ಆದವರಿಗೆ ಮೊದಲ ತಿಂಗಳುಗಳ ಫಿಸಿಯೋಥೆರಪಿ, ಬಿ.ಪಿ. ಮಾತ್ರೆ ಬಹಳ ಮುಖ್ಯ. ಅದಕ್ಕೇ ಹೇಳುವುದು, ಬಿಡಲೇಬೇಕಾದರೂ ಬಿಡುವ ತಿಂಗಳನ್ನು ನೀನು ಆರಿಸಿಕೊಳ್ಳಬೇಕು. ಅತ್ತಿಗೆ ಹೇಳಿದ ಸೋಮವಾರಕ್ಕೆ ಬಿಡುವುದಲ್ಲ.

ಗ್ರಾಚ್ಯುಟಿ ಐದು ವರ್ಷ ಸತತ ದುಡಿದವರಿಗೆ ಬರುವ ಹಣ. 1972ರಲ್ಲಿ ಇದಕ್ಕೆಂದೇ ಕಾನೂನು ಬಂತು. ಈಗ ಅದನ್ನು ಹೊಸ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಕೊನೆಯ ಸಂಬಳವನ್ನು ಹದಿನೈದರಿಂದ ಗುಣಿಸಿ ಇಪ್ಪತ್ತಾರರಿಂದ ಭಾಗಿಸಿ, ಬಂದದ್ದನ್ನು ದುಡಿದ ವರ್ಷಗಳಿಂದ ಗುಣಿಸುತ್ತಾರೆ. ಆರು ತಿಂಗಳು ಮೀರಿದರೆ ಅದನ್ನೂ ಒಂದು ವರ್ಷವೆಂದೇ ಹಿಡಿಯುತ್ತಾರೆ. ನೀನು ಸೇರಿ ಏಳು ವರ್ಷ ಐದು ತಿಂಗಳಾಗಿದೆ. ಇವತ್ತು ಬಿಟ್ಟರೆ ಏಳು ವರ್ಷದ ಲೆಕ್ಕ, 52,500 ರೂಪಾಯಿ. ಇನ್ನೆರಡು ತಿಂಗಳು ತಾಳಿದರೆ ಎಂಟು ವರ್ಷದ ಲೆಕ್ಕ, 60,000 ರೂಪಾಯಿ. ಆ ಎರಡು ತಿಂಗಳು ಅವ್ವನ ಹತ್ತಿರ ಯಾರಿರಬೇಕು ಎನ್ನುವುದು ನಿನ್ನೊಬ್ಬಳ ತಲೆನೋವಲ್ಲ. ನಿನ್ನ ಇ.ಎಲ್. ರಜೆ ಬಾಕಿಯಿದೆ, ಇಪ್ಪತ್ತು ದಿನ ದುಡಿದರೆ ಒಂದು ದಿನ ಸೇರುವ ರಜೆ ಅದು. ಅದರಲ್ಲಿ ಸ್ವಲ್ಪ ಹಾಕು. ಅಕ್ಕ ಬಂದು ಎರಡು ವಾರ ಇರಲಿ. ಉಳಿದ ದಿನಕ್ಕೆ ಅಣ್ಣ ಆಳು ಇಡಲಿ. ಉಳಿದ ಇ.ಎಲ್.ಗೆ ಸೆಟ್ಲ್‌ಮೆಂಟಿನ ದಿನ ದುಡ್ಡು ಕೇಳು. ಆ ವರ್ಷದಲ್ಲಿ ದುಡಿದಷ್ಟು ದಿನದ ಬೋನಸ್ಸೂ ನಿನಗೆ ಬರಬೇಕು, ಕೆಲಸ ಬಿಟ್ಟವಳಿಗೆ ಬೋನಸ್ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಗ್ರಾಚ್ಯುಟಿಯನ್ನು ಮೂವತ್ತು ದಿನದೊಳಗೆ ಕೊಡಬೇಕೆಂದು ನಿಯಮವಿದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ವಿಚಾರಿಸುತ್ತಾರೆ.

ಪಿ.ಎಫ್. ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಲ್ಲರ ಕಣ್ಣು ಅದರ ಮೇಲೇ ಇರುತ್ತದೆ. ನಿನ್ನಂಥ ಗಾರ್ಮೆಂಟ್ಸ್ ಹೆಂಗಸರಿಗೆ ಆ ಹಣ ಎಂಥದ್ದೆಂದು ದೇಶಕ್ಕೇ ಗೊತ್ತಾದದ್ದು 2016ರ ಏಪ್ರಿಲ್‌ನಲ್ಲಿ. ಕಂಪನಿ ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಆ ವರ್ಷ ಕೇಂದ್ರ ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಮೆಷಿನ್ ಬಿಟ್ಟು ಬಂದು ನಿಂತರು. 19ರ ಸಂಜೆಯ ಹೊತ್ತಿಗೆ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಅವರಲ್ಲಿ ಬಹಳ ಮಂದಿಗೆ ಅರ್ಜಿ ತುಂಬಲು ಬರುತ್ತಿರಲಿಲ್ಲ. ತಮ್ಮ ಹಣ ತಮ್ಮದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ನಿನಗೂ ಅಷ್ಟು ಗೊತ್ತಿದ್ದರೆ ಸಾಕು.

ಆ ಹಣವನ್ನು ಕೆಲಸ ಬಿಟ್ಟ ಕೂಡಲೇ ಪೂರ್ತಿ ತೆಗೆಯಲು ಆಗುವುದಿಲ್ಲ, ಕಾಯಬೇಕಾಗುತ್ತದೆ. ಕಾಯುವುದೇ ಒಳ್ಳೆಯದು. ಅಲ್ಲೇ ಬಿಟ್ಟರೂ ಬಡ್ಡಿ ಸೇರುತ್ತಾ ಹೋಗುತ್ತದೆ. 2024-25ಕ್ಕೆ ಶೇ 8.25 ಕೊಟ್ಟಿದ್ದಾರೆ, ನಿಮ್ಮೂರ ಬ್ಯಾಂಕು ಅಷ್ಟು ಕೊಡುವುದಿಲ್ಲ. ಅವ್ವನ ಚಿಕಿತ್ಸೆಗೆ ಈಗಲೇ ಬೇಕೆಂದಾದರೆ, ಕೆಲಸದಲ್ಲಿರುವಾಗಲೇ ಕಾಯಿಲೆಯ ಕಾರಣ ಕೊಟ್ಟು ಮುಂಗಡ ತೆಗೆಯಬಹುದು, ಅದನ್ನು ವಾಪಸು ಕಟ್ಟಬೇಕಿಲ್ಲ. ಪಿಂಚಣಿಯ ಭಾಗಕ್ಕೆ ಇನ್ನೊಂದು ಮಾತು. ಹತ್ತು ವರ್ಷ ತುಂಬದವರಿಗೆ ಎರಡು ದಾರಿಯಿದೆ. ಒಂದು, ಇಡಿಗಂಟು ತೆಗೆದುಕೊಂಡು ಲೆಕ್ಕ ಮುಗಿಸುವುದು. ಇನ್ನೊಂದು, ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳುವುದು. ಸೈಬರ್ ಅಂಗಡಿಯವರು ಮೊದಲನೆಯದನ್ನೇ ಒತ್ತಿಬಿಡುತ್ತಾರೆ, ನೀನು ಕೇಳದಿದ್ದರೆ ಎರಡನೆಯದನ್ನು ಹೇಳುವುದೂ ಇಲ್ಲ. ನಿನಗೆ ಎರಡನೆಯದು ಸರಿ. ಆ ಪತ್ರ ಇಟ್ಟುಕೊಂಡಿದ್ದರೆ, ಮುಂದೆ ಯಾವುದೇ ಕಾರ್ಖಾನೆಗೆ ಸೇರಿದರೂ ಈ ಏಳೆಂಟು ವರ್ಷ ಅಲ್ಲಿಯ ವರ್ಷಕ್ಕೆ ಕೂಡಿಕೊಳ್ಳುತ್ತದೆ, ಹತ್ತು ತುಂಬಿದರೆ ವಯಸ್ಸಾದ ಮೇಲೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ನೀನು ಮತ್ತೆ ಕೆಲಸಕ್ಕೆ ಹೋಗಬೇಕು ಮಗಳೇ. ಮೂವತ್ತು ದಾಟದವಳು ನೀನು. ಅವ್ವ ಚೇತರಿಸಿಕೊಂಡರೂ ಹೋಗಬೇಕು, ಇಲ್ಲವಾದರೂ ಹೋಗಬೇಕು.

ಪಿ.ಎಫ್. ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರ್ ಯಾರದು? ನಿನ್ನದೇ ಎಂದು ನೀನು ಹೇಳಬಹುದು. ಒಮ್ಮೆ ಕೇಳಿ ನೋಡು. ಸೇರುವಾಗ ಅಣ್ಣನ ನಂಬರ್ ಕೊಟ್ಟಿದ್ದರೆ ಒ.ಟಿ.ಪಿ. ಅವನಿಗೇ ಹೋಗುತ್ತದೆ. ಅಣ್ಣ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಆದರೆ ನಿನ್ನ ಹಣದ ಬೀಗದ ಕೈ ನಿನ್ನ ಸೆರಗಿನಲ್ಲೇ ಇರಬೇಕು. ಬರುವ ನಂಬರ್ ಹೇಳುವುದೂ ಸಹಿ ಹಾಕುವುದೂ ಒಂದೇ ಎಂದು ತಿಳಿದುಕೋ. ಸಹಿಯನ್ನು ಹೇಗೆ ಯೋಚಿಸಿ ಹಾಕುತ್ತೀಯೋ ಹಾಗೇ ಯೋಚಿಸಿ ಒ.ಟಿ.ಪಿ. ಹೇಳು. ಆಧಾರ್‌ನಲ್ಲಿರುವ ಹೆಸರೂ ಪಿ.ಎಫ್.ನಲ್ಲಿರುವ ಹೆಸರೂ ಒಂದೇ ಇದೆಯೇ, ನಾಮಿನಿ ಯಾರೆಂದು ಹಾಕಿದೆ, ಇವನ್ನೂ ಕೆಲಸ ಬಿಡುವ ಮುಂಚೆಯೇ ನೋಡಿಸಿಕೋ. ಬಿಟ್ಟ ಮೇಲೆ ಕಂಪನಿಯವರು ಬಿಟ್ಟ ತಾರೀಖು ಹಾಕದೆ, ಹೆಸರು ತಿದ್ದದೆ ಅಲೆಸಿದರೆ ವ್ಯಾನ್ ಚಾರ್ಜು ನಿನ್ನದೇ.

ಈಗ ಸರ್ಕಾರದಿಂದ ಏನು ಬರುತ್ತದೆ ನೋಡೋಣ. ಅದಕ್ಕೆ ನಿನ್ನ ಶಾಲೆಯ ದಿನಗಳಿಂದಲೇ ಶುರು ಮಾಡಬೇಕು. ನೀನು ಶಾಲೆ ಬಿಟ್ಟದ್ದು ಏಳನೇ ತರಗತಿಯಲ್ಲಿ. ಲೆಕ್ಕ ಹತ್ತಲಿಲ್ಲ, ಓದಿದ್ದು ನಿಲ್ಲಲಿಲ್ಲ, ಮೇಷ್ಟ್ರು ಹಿಂದಿನ ಬೆಂಚಿಗೆ ಕೂರಿಸಿದರು. ಆಗ ಯಾರೂ ನಿನ್ನನ್ನು ಪರೀಕ್ಷೆ ಮಾಡಿಸಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ವೈಕಲ್ಯವನ್ನು ಒಪ್ಪುತ್ತದೆ. ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ ಎರಡೂ ಅದರಲ್ಲಿವೆ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಇಂಥ ಕಡೆ ಪರೀಕ್ಷೆ ಮಾಡುತ್ತಾರೆ. ಬೌದ್ಧಿಕ ವೈಕಲ್ಯ ಸೌಮ್ಯವಾಗಿದ್ದರೂ ಶೇ 50 ಎಂದು ಪ್ರಮಾಣಪತ್ರ ಕೊಡುತ್ತಾರೆ, ಸವಲತ್ತಿಗೆ ಶೇ 40 ಸಾಕು. ಆ ಪ್ರಮಾಣಪತ್ರದ ಮೇಲೆ ಯು.ಡಿ.ಐ.ಡಿ. ಕಾರ್ಡು ಬರುತ್ತದೆ. ನಿನಗೆ ಸಿಕ್ಕೇ ಸಿಗುತ್ತದೆಂದು ನಾನು ಮಾತು ಕೊಡಲಾರೆ. ಅಂಚಿನಲ್ಲಿರುವವರು ಬಹಳ ಮಂದಿ, ಬದುಕಿನಲ್ಲಿ ಕಷ್ಟ ಪಡುತ್ತಾರೆ, ಪರೀಕ್ಷೆಯ ಅಂಕಿಯಲ್ಲಿ ಮಾತ್ರ ಸ್ವಲ್ಪ ಮೇಲಿರುತ್ತಾರೆ. ಅವರಿಗೆ ಕಾರ್ಡು ಸಿಗುವುದಿಲ್ಲ. ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನಾನು ಹೇಳುತ್ತೇನೆ. ಆದರೂ ಒಮ್ಮೆ ಹೋಗಿ ಪರೀಕ್ಷೆ ಮಾಡಿಸಿಕೋ.

ಕಾರ್ಡು ಮಾಡಿಸಿದರೆ ಮದುವೆಗೆ ತೊಡಕಾಗುತ್ತದೆ ಎಂದು ಮನೆಯವರು ಬೇಡವೆನ್ನಬಹುದು. ನಿನ್ನ ಕಾರ್ಡನ್ನು ಊರಿಗೆಲ್ಲ ತೋರಿಸಬೇಕಿಲ್ಲ. ಎಲ್ಲಿ ಬೇಕೋ ಅಲ್ಲಿ ಮಾತ್ರ ತೋರಿಸು. ನಿನ್ನ ಕಷ್ಟವನ್ನು ಊರೆಲ್ಲ ಬೇರೆ ಬೇರೆ ಹೆಸರಿಟ್ಟು ಆಡಿಕೊಂಡಿದ್ದಾಗಿದೆ, ಡಾಕ್ಟರು ಒಂದು ಕಾಗದದಲ್ಲಿ ಬರೆದುಕೊಟ್ಟರೆ ಅದರಿಂದ ನಿನಗೆ ಅನುಕೂಲವೇ ಹೊರತು ನಾಚಿಕೆಯಿಲ್ಲ. ಕಾರ್ಡಿದ್ದರೆ ಇ.ಎಸ್.ಐ. ಸಂಬಳದ ಮಿತಿ 21,000ದಿಂದ 25,000ಕ್ಕೆ ಏರುತ್ತದೆ, ಮುಂದೆ ಸಂಬಳ ಹೆಚ್ಚಿದಾಗ ಉಪಯೋಗಕ್ಕೆ ಬರುತ್ತದೆ. ಬೌದ್ಧಿಕ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ.

ವಿಕಲಚೇತನರ ತಿಂಗಳ ವೇತನ ರಾಜ್ಯದ್ದು. ಶೇ 40ರಿಂದ 75ರೊಳಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400. ಇದಕ್ಕೆ ವರಮಾನದ ಮಿತಿ ಇದೆ. ಕೆಲಸದಲ್ಲಿರುವಾಗ ನಿನಗೆ ಸಿಗುವುದಿಲ್ಲ. ಬಿಟ್ಟ ಮೇಲೆ ನಾಡಕಚೇರಿಯಲ್ಲಿ ಹೊಸದಾಗಿ ಆದಾಯ ಪ್ರಮಾಣಪತ್ರ ಮಾಡಿಸಿ ಅರ್ಜಿ ಹಾಕಬೇಕು. ಹಳೆಯ ಪತ್ರ ಕೊಟ್ಟರೆ ತಳ್ಳಿಹಾಕುತ್ತಾರೆ. ಅವ್ವನ ಸ್ಥಿತಿ ಒಂದು ಹಂತಕ್ಕೆ ಬಂದು ನಿಂತ ಮೇಲೆ ಅವರಿಗೂ ಕೈಕಾಲಿನ ವೈಕಲ್ಯದ ಪ್ರಮಾಣಪತ್ರ ಮಾಡಿಸಬಹುದು. ಅವರಿಗೆ ಈಗ ವಿಧವಾ ವೇತನ ಬರುತ್ತಿದೆ, 800. ಒಬ್ಬರಿಗೆ ಒಂದೇ ವೇತನ. ವೈಕಲ್ಯ ಶೇ 75 ದಾಟಿದರೆ 1,400ಕ್ಕೆ ಬದಲಾಯಿಸಿಕೊಳ್ಳುವುದು ಲಾಭ. 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ ಕೂಡ 1,200 ಮಾತ್ರ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವ್ವನೇ ಆದ್ದರಿಂದ ಗೃಹಲಕ್ಷ್ಮಿಯ 2,000 ಅವರ ಖಾತೆಗೆ ಬರುತ್ತದೆ, ಅದು ನಿಲ್ಲದ ಹಾಗೆ ನೋಡಿಕೋ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಎಂದು ಒಬ್ಬರಿರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ. ಇರುತ್ತಾರೆ. ಅರ್ಜಿ ತುಂಬಿಸುವುದು, ಕ್ಯಾಂಪಿನ ದಿನ ತಿಳಿಸುವುದು ಅವರ ಕೆಲಸವೇ. ಸಂಕೋಚ ಪಡದೆ ಕೇಳು. ಆಸ್ಪತ್ರೆಗೆ ಓಡಾಡಲು ಶಕ್ತಿ ಯೋಜನೆಯ ಬಸ್ಸಿದೆ, ಟಿಕೆಟ್ಟಿನ ಚಿಂತೆಯಿಲ್ಲ.

ಎಲ್ಲವೂ ಸಿಕ್ಕಿತೆಂದೇ ಇಟ್ಟುಕೋ. ನಿನ್ನದು 800, ಅವ್ವನದು 1,400, ಗೃಹಲಕ್ಷ್ಮಿ 2,000. ಒಟ್ಟು 4,200. ನೀನು ಬಿಡುವುದು 15,185. ಈ ನಡುವಿನ ಹನ್ನೊಂದು ಸಾವಿರ ಎಲ್ಲಿಂದ ಬರಬೇಕು ಎನ್ನುವುದೇ ಪ್ರಶ್ನೆ.

ಆರೈಕೆ ಮಾಡುವವರಿಗೆಂದೇ ಸರ್ಕಾರ ಏನೂ ಕೊಡುವುದಿಲ್ಲವೇ ಎಂದು ನಿನ್ನ ಗೆಳತಿ ಕೇಳಿದಳಲ್ಲ, ಒಳ್ಳೆಯ ಪ್ರಶ್ನೆ. ಬ್ರಿಟನ್‌ನಲ್ಲಿ 1976ರಿಂದ ಅಂಥ ಭತ್ಯೆ ಇದೆ, ವಾರಕ್ಕೆ ಮೂವತ್ತೈದು ಗಂಟೆ ಆರೈಕೆ ಮಾಡುವವರಿಗೆ. ಅಲ್ಲೂ ಮೊದಲು ಮದುವೆಯಾದ ಹೆಂಗಸರಿಗೆ ಕೊಡುತ್ತಿರಲಿಲ್ಲ, ಅವರು ಹೇಗೂ ಮನೆಯಲ್ಲೇ ಇರುವವರು ಎಂದು. ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬಾಕೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಅದನ್ನು ಬದಲಾಯಿಸಿದಳು. ಪಕ್ಕದ ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆ ಇದೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ನಮ್ಮ ದೇಶದ 2016ರ ಕಾಯ್ದೆಯ 24ನೇ ಕಲಮಿನಲ್ಲೇ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಕರ್ನಾಟಕ 2024-25ರ ಬಜೆಟ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಸ್ನಾಯುಕ್ಷಯ, ಪಾರ್ಕಿನ್‌ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಈ ನಾಲ್ಕು ಇರುವವರನ್ನು ನೋಡಿಕೊಳ್ಳುವವರಿಗೆ. ಸೆರೆಬ್ರಲ್ ಪಾಲ್ಸಿ ಎನ್ನುವುದು ಹುಟ್ಟಿನ ಆಸುಪಾಸಿನಲ್ಲಿ ಬರುವಂಥದ್ದು, ಆ ನಾಲ್ಕರಲ್ಲಿರುವುದು ಅದು. ನಿಮ್ಮವ್ವನಿಗೆ ಆಗಿರುವ ಲಕ್ವ ಅದಲ್ಲ, ಪಟ್ಟಿಯಲ್ಲಿಲ್ಲ. ಎತ್ತಿ ಕೂರಿಸುವ ಕೈಗೆ ಕಾಯಿಲೆಯ ಹೆಸರು ಯಾವುದಾದರೇನು? ಹಾಸಿಗೆ ಹಿಡಿದ ಯಾರನ್ನು ನೋಡಿಕೊಂಡರೂ ಆ ಭತ್ಯೆ ಸಿಗಬೇಕು, ಒಂದು ಸಾವಿರ ಸಾಲದು ಎಂದೂ ಕೇಳಬೇಕು. ನಿಮ್ಮ ಕ್ಷೇತ್ರದ ಶಾಸಕರಿಗೆ ಇದನ್ನು ನಾನು ಬರೆದುಕೊಟ್ಟೇ ಕೊಡುತ್ತೇನೆ. ಅದು ಬರುವ ತನಕ ಮನೆಯವರೇ ಕೊಡಬೇಕು.

ಹೌದು, ಮನೆಯವರೇ. ಕೇಳಲು ನಿನಗೆ ಬಾಯಿ ಬರುವುದಿಲ್ಲ ಎಂದು ಗೊತ್ತು. ಹೆತ್ತವ್ವನನ್ನು ನೋಡಿಕೊಳ್ಳಲು ದುಡ್ಡು ಕೇಳುವುದೇ ಎಂದು ಯಾರಾದರೂ ಅಂದಾರು. ಅವ್ವ ಮೂವರಿಗೂ ಹೆತ್ತವ್ವ. 2007ರ ಹಿರಿಯ ನಾಗರಿಕರ ಪಾಲನೆ ಕಾಯ್ದೆಯ ಪ್ರಕಾರ ತಂದೆ ತಾಯಿಯ ಜೀವನಾಂಶ ಎಲ್ಲ ಮಕ್ಕಳ ಹೊಣೆ. ಕೊಡದಿದ್ದರೆ ಅವ್ವನ ಪರವಾಗಿ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ತಿಂಗಳಿಗೆ 10,000ದವರೆಗೆ ಆದೇಶ ಮಾಡುವ ಅಧಿಕಾರ ಅದಕ್ಕಿದೆ, ವಕೀಲರೇ ಬೇಕಿಲ್ಲ. ಕಚೇರಿ ಮೆಟ್ಟಿಲು ಹತ್ತು ಎಂದು ನಾನು ಹೇಳುತ್ತಿಲ್ಲ. ಕಾನೂನು ಹಾಗಿದೆ ಎಂದು ಗೊತ್ತಿದ್ದರೆ ಮನೆಯಲ್ಲಿ ತಲೆಯೆತ್ತಿ ಮಾತಾಡಲು ಧೈರ್ಯ ಬರುತ್ತದೆ. ನೀನು ಕೊಡುವುದು ನಿನ್ನ ದಿನ, ನಿನ್ನ ಸಂಬಳ, ನಿನ್ನ ಮುಂದಿನ ಪಿಂಚಣಿ. ಅವರು ಕೊಡಬೇಕಾದದ್ದು ಹಣ. ಅಣ್ಣ ಇಷ್ಟು, ಅಕ್ಕ ಇಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ನಿನ್ನ ಹೆಸರಿನ ಖಾತೆಗೆ ಬರಲಿ. ಕೈಗೆ ಕೊಟ್ಟ ದುಡ್ಡಿಗೆ ಲೆಕ್ಕವಿರುವುದಿಲ್ಲ, ಮುಂದೆ ಯಾರೂ ಕೊಟ್ಟೆವೆಂದೋ ಕೊಡಲಿಲ್ಲವೆಂದೋ ಜಗಳ ಆಡುವುದು ಬೇಡ. ಅವ್ವನ ಮಾತ್ರೆ, ಡೈಪರ್, ಆಟೋ ಇವುಗಳ ಖರ್ಚು ಬೇರೆ; ನಿನಗೆ ಬರುವುದು ನಿನ್ನದು. ತಿಂಗಳಲ್ಲಿ ನಾಲ್ಕು ದಿನ ಅಕ್ಕನೋ ಅಣ್ಣನೋ ಬಂದು ಇರಬೇಕೆಂದೂ ಅದೇ ಹಾಳೆಯಲ್ಲಿ ಬರೆಯಿರಿ. ಆ ನಾಲ್ಕು ದಿನ ನೀನು ಎಲ್ಲಿಗಾದರೂ ಹೋಗು, ಮಲಗಿದರೂ ಸರಿ.

ಅಣ್ಣನಿಗೂ ಒಂದು ಮಾತು ಹೇಳಿಬಿಡುತ್ತೇನೆ, ಓದಿಸಿ ಹೇಳು. ನಿನಗೆ ಯು.ಡಿ.ಐ.ಡಿ. ಕಾರ್ಡು ಬಂದು, ನಿನ್ನ ಜೀವನಕ್ಕೆ ಅವನೇ ಆಸರೆಯಾದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಅವನಿಗೆ 75,000 ರೂಪಾಯಿಯಷ್ಟು ವರಮಾನಕ್ಕೆ ವಿನಾಯಿತಿ ಸಿಗುತ್ತದೆ. ಒಡಹುಟ್ಟಿದವರಿಗೂ ಅದು ಅನ್ವಯಿಸುತ್ತದೆ. ಕೊಟ್ಟದ್ದರಲ್ಲಿ ಒಂದಿಷ್ಟು ಅವನಿಗೂ ಉಳಿಯುತ್ತದೆ.

ಸಹಿಯ ವಿಷಯ ಕೊನೆಗೆ ಇಟ್ಟುಕೊಂಡೆ, ಇದನ್ನು ಮರೆಯಬೇಡ. ನಿಮ್ಮಪ್ಪ ಬಿಟ್ಟುಹೋದ ಮನೆಯಲ್ಲಿ, ಇಪ್ಪತ್ತು ಗುಂಟೆ ಜಮೀನಿನಲ್ಲಿ ನಿನಗೂ ಅಣ್ಣನಿಗೂ ಅಕ್ಕನಿಗೂ ಪಾಲಿದೆ. ಅವ್ವ ಹುಷಾರಿಲ್ಲದಿರುವಾಗ ಖಾತೆ ಮಾಡಿಸಿಬಿಡೋಣ, ಸಾಲ ತೆಗೆಯೋಣ, ಸುಮ್ಮನೆ ಇಲ್ಲೊಂದು ಸಹಿ ಹಾಕು ಎಂದು ಯಾರಾದರೂ ತಂದರೆ, ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಒಮ್ಮೆ ರಿಜಿಸ್ಟರ್ ಆದರೆ ಬಿಡಿಸಿಕೊಳ್ಳುವುದು ಕಷ್ಟ. ಸಂಘದ ಸಾಲವನ್ನೂ ನಿನ್ನ ಹೆಸರಿನಲ್ಲಿ ಬೇರೆಯವರಿಗೆ ತೆಗೆದುಕೊಡಬೇಡ. ಮೈಕ್ರೋ ಫೈನಾನ್ಸ್ ವಸೂಲಿಯವರ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ ನಿಜ, ಆದರೆ ಸಾಲ ನಿನ್ನ ಹೆಸರಿನಲ್ಲಿದ್ದರೆ ತೀರಿಸಬೇಕಾದವಳು ನೀನೇ. ಯಾವ ಕಾಗದ ತಂದರೂ ಒಂದೇ ಮಾತು ಹೇಳು: "ನಾಳೆ ಹಾಕ್ತೀನಿ, ಓದಿಸಿ ನೋಡ್ತೀನಿ." ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ.

ಓದಿಸಿ ನೋಡುವುದಕ್ಕೆ ಯಾರನ್ನು ಕರೆದುಕೊಳ್ಳಬೇಕು? ಆ ಕಾಗದದಿಂದ ಲಾಭವಾಗುವವರನ್ನಲ್ಲ. 2016ರ ಕಾಯ್ದೆಯೂ ಇದನ್ನೇ ಹೇಳುತ್ತದೆ. ನಿನಗೆ ವೈಕಲ್ಯ ಇದೆ ಎಂದ ಮಾತ್ರಕ್ಕೆ ನಿನ್ನ ಬದಲು ಬೇರೆಯವರು ಸಹಿ ಹಾಕುವಂತಿಲ್ಲ. ಹಣ ಆಸ್ತಿಯ ವಿಷಯದಲ್ಲಿ ಎಲ್ಲರಿಗಿರುವ ಹಕ್ಕೇ ನಿನಗೂ ಇದೆ. ನೆರವಾಗುವವರಿಗೇ ಆ ವ್ಯವಹಾರದಲ್ಲಿ ಸ್ವಂತ ಲಾಭವಿದ್ದರೆ ಅವರು ಪಕ್ಕಕ್ಕೆ ಸರಿಯಬೇಕು. ನಿನಗೆ ಅರ್ಥವಾಗುವ ಹಾಗೆ ಹೇಳುವವರು, ಎರಡನೇ ಸಲ ಕೇಳಿದರೆ ರೇಗದವರು, ಅಂಥವರನ್ನು ಕರೆದುಕೋ. ಯಾರೂ ಇಲ್ಲವೆಂದರೆ ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ, ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲದೆ ವಕೀಲರನ್ನು ಕೊಡುತ್ತಾರೆ. ಫೋನಿನಲ್ಲಿ 15100 ಒತ್ತಿದರೆ ಸಾಕು. ಅವ್ವನ ವಿಷಯಕ್ಕೆ ಹಿರಿಯರ ಸಹಾಯವಾಣಿ 14567.

ಗ್ರಾಚ್ಯುಟಿ ಹಣ ಬಂದ ದಿನ ಮನೆಯಲ್ಲಿ ಹತ್ತು ಅಗತ್ಯ ಹುಟ್ಟಿಕೊಳ್ಳುತ್ತವೆ. ಅದಕ್ಕೆ ಮುಂಚೆಯೇ ಅಂಚೆ ಕಚೇರಿಯಲ್ಲಿ ನಿನ್ನೊಬ್ಬಳ ಹೆಸರಿನ ಖಾತೆ ತೆರೆದಿಡು. ಮಾಸಿಕ ಆದಾಯ ಯೋಜನೆಯಲ್ಲಿ ಒಂದು ಲಕ್ಷ ಇಟ್ಟರೆ ತಿಂಗಳಿಗೆ ಆರುನೂರು ರೂಪಾಯಿಯ ಮೇಲೆ ಬಡ್ಡಿ ಬರುತ್ತದೆ, ಅರವತ್ತು ಸಾವಿರಕ್ಕೆ ಮುನ್ನೂರರವತ್ತರ ಮೇಲೆ. ದೊಡ್ಡ ಹಣವಲ್ಲ. ಆದರೆ ಅಸಲು ಐದು ವರ್ಷ ನಿನ್ನ ಹೆಸರಿನಲ್ಲಿ ಇರುತ್ತದೆ, ಯಾರಾದರೂ ಕೇಳಿದರೆ "ಅದು ಕಟ್ಟಾಗಿದೆ, ತೆಗೆಯೋಕೆ ಬರಲ್ಲ" ಎನ್ನಲು ನಿನಗೊಂದು ಮಾತು ಸಿಗುತ್ತದೆ. ಇಲ್ಲ ಎಂದು ಹೇಳುವುದು ನಿನಗೆ ಕಷ್ಟ ಎಂದು ನಾನು ಬಲ್ಲೆ, ಅದಕ್ಕೇ ಈ ದಾರಿ ಹೇಳಿದ್ದು.

ಇಷ್ಟೆಲ್ಲ ನೆನಪಿಟ್ಟುಕೊಳ್ಳಬೇಕಿಲ್ಲ. ನಾಳೆ ಶಿಫ್ಟಿಗೆ ಹೋದಾಗ ಟೈಂ ಆಫೀಸಿನಲ್ಲಿ ಮೂರು ವಿಷಯ ಬರೆಸಿಕೊಂಡು ಬಾ: ನೀನು ಸೇರಿದ ತಾರೀಖು, ಬಾಕಿ ಇರುವ ಇ.ಎಲ್., ನಿನ್ನ ಪಿ.ಎಫ್. ಖಾತೆಯ ಯು.ಎ.ಎನ್. ನಂಬರಿಗೆ ಜೋಡಿಸಿರುವ ಮೊಬೈಲ್. ಭಾನುವಾರ ಅಣ್ಣ ಬಂದಾಗ ನಾನೂ ನಿಮ್ಮ ಮನೆಗೆ ಬರುತ್ತೇನೆ, ಲೆಕ್ಕ ಅವನ ಮುಂದೆ ಇಡೋಣ. ಅದಾಗುವವರೆಗೆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡ.